ಪೆಡಲ್ಲಿನ ಮೇಲಿದ್ದ ಕಾಲು

ಸಂಕ್ರಾಂತಿಯಾದ ಮೇಲೆ ಒಂದು ಬೆಳಿಗ್ಗೆ ನಮ್ಮ ಯಜಮಾನರು ಹಂದನಕೆರೆ ರಸ್ತೆಯಲ್ಲಿ ಲಾರಿಯನ್ನು ಒಂದು ರಾಗಿಹುಲ್ಲಿನ ಮೆದೆಗೆ ನುಗ್ಗಿಸಿದರು. ಎದುರಿಗೆ ಕುರಿಮಂದೆ ಬಂದಿತ್ತಂತೆ. ಕಾಲು ತೆಗೆದರೂ ಆಕ್ಸಿಲೇಟರ್ ಪೆಡಲ್ಲು ಎದ್ದು ಬರಲಿಲ್ಲ, ಕುರಿ ಉಳಿಸೋಣವೆಂದು ಮೆದೆಯ ಕಡೆ ತಿರುಗಿಸಿದೆ ಎಂದು ಮನೆಗೆ ಬಂದು ಹೇಳಿದರು. ಯಾರಿಗೂ ಏನೂ ಆಗಲಿಲ್ಲ. ಮೆದೆಯವನು ನಾಲ್ಕು ಮಾತು ಬೈದನಂತೆ. ಇವರು ಕೇಳಿಸಿಕೊಂಡು, ಹುಲ್ಲನ್ನು ಮತ್ತೆ ಒಟ್ಟಿಕೊಟ್ಟು ಬಂದಿದ್ದರು. ಬನಿಯನ್ನಿನ ತುಂಬ ರಾಗಿ ಹೊಟ್ಟು ಅಂಟಿತ್ತು.

ಆವತ್ತಿನಿಂದ ನಾನೂ ಲಾರಿ ಹತ್ತಿ ಎಡಗಡೆ ಕೂರಲು ಶುರುಮಾಡಿದೆ. ಕೊಟ್ಟಿಗೆ ಕೆಲಸ ಮುಗಿಸಿ ಹತ್ತಿದರೆ ಗೊಣಗುವರು, ಇಳಿ ಎನ್ನುತ್ತಿರಲಿಲ್ಲ. ನಾನು ಕೂತು ಮಾಡುವುದೇನೂ ಇರಲಿಲ್ಲ. ರಸ್ತೆ ನೋಡುತ್ತಿದ್ದೆ.

ಪೆಡಲ್ಲು ಸವೆದಿದ್ದು ನಿಜ. ಮೇಲಿನ ರಬ್ಬರು ಎಂದೋ ಉದುರಿಹೋಗಿ ಬರೀ ಕಬ್ಬಿಣದ ಪಟ್ಟಿ ಉಳಿದಿತ್ತು. ಇವರು ಲಾರಿ ಓಡಿಸುವುದು ಬರಿಗಾಲಲ್ಲಿ. ಮುಂದೆ ಗಾಜಿನ ಹತ್ತಿರ ದೇವರ ಪಟ ಇದೆ, ಅದರ ಮುಂದೆ ಚಪ್ಪಲಿ ಕೂಡದು ಎಂದು ಒಂದು ಮಾತು. ಬರಿಗಾಲಿಗೆ ತಿಳಿಯುವುದು ಚಪ್ಪಲಿಗೆ ತಿಳಿಯುವುದಿಲ್ಲ ಎಂದು ಇನ್ನೊಂದು ಮಾತು. ಚಪ್ಪಲಿಯನ್ನು ಸೀಟಿನ ಹಿಂದೆ ತುರುಕಿ, ಪಟಕ್ಕೆ ಕೈಮುಗಿದು ಸ್ಟಾರ್ಟ್ ಮಾಡುವರು. ಇಂಜಿನ್ನಿನ ಕಾವಿಗೆ ಆ ಕಬ್ಬಿಣ ಮಧ್ಯಾಹ್ನದ ಹೊತ್ತಿಗೆ ರೊಟ್ಟಿ ಹೆಂಚಿನಂತಾಗುತ್ತಿತ್ತು.

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಮಾತ್ರೆ ನುಂಗುತ್ತಿದ್ದರು. ಬರಿಗಾಲಲ್ಲಿ ಓಡಾಡಬೇಡಿ ಎಂದು ಡಾಕ್ಟರು ಹೇಳಿದ್ದರು. ಮುಳ್ಳು ಗಿಳ್ಳು ಚುಚ್ಚೀತೆಂದು ಹೇಳಿರಬೇಕು ಎಂದುಕೊಂಡೆವು. ಹಾಗಾಗಿ ತೋಟಕ್ಕೆ ಹೋಗುವಾಗ ತಪ್ಪದೆ ಚಪ್ಪಲಿ ಮೆಟ್ಟುವರು, ಲಾರಿ ಹತ್ತುವಾಗ ಬಿಚ್ಚುವರು. ಲಾರಿಯೊಳಗೆ ಮುಳ್ಳೆಲ್ಲಿಂದ ಬರಬೇಕು?

ಚಿಕ್ಕನಾಯಕನಹಳ್ಳಿಯ ಹಾಲಸ್ವಾಮಿಯ ಗ್ಯಾರೇಜಿಗೆ ಹೋದದ್ದು ಶುಕ್ರವಾರ. ಮರುದಿನವೇ ಮಲ್ಲಿಕಾರ್ಜುನಯ್ಯನವರ ಕೊಬ್ಬರಿ ತಿಪಟೂರಿನ ಮಾರುಕಟ್ಟೆಗೆ ಹೋಗಬೇಕಿತ್ತು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ. ಮಲ್ಲಿಕಾರ್ಜುನಯ್ಯನವರು ಅದನ್ನು ಬೇರೆ ಯಾರ ಗಾಡಿಗೂ ಹಾಕುವವರಲ್ಲ. ಇವರ ಲಾರಿಗೆ ಹಾಕಿದರೆ ಜೊತೆಗೆ ಒಬ್ಬ ಆಳನ್ನೂ ಕಳಿಸುತ್ತಿರಲಿಲ್ಲ. ರಂಗಯ್ಯ ಇದ್ದಾನಲ್ಲ ಎನ್ನುವರು. ಆ ಮಾತನ್ನು ಇವರು ನನ್ನೆದುರು ಎಷ್ಟು ಸಲ ಹೇಳಿದ್ದಾರೋ. ಲಾರಿ ಬಿಟ್ಟರೆ ಇವರಿಗೆ ಬೇರೆ ಹೆಮ್ಮೆಯಿರಲಿಲ್ಲ.

ಹಾಲಸ್ವಾಮಿ ಹಳೆ ಪೆಡಲ್ಲು ಬಿಚ್ಚಿ, ಅದರ ಬುಡದ ಕೀಲಿಗೆ ಬೆರಳಿಟ್ಟು ಮೂಸಿ ನೋಡಿದ.

"ಇದ್ಕೇನ್ ಹುಯ್ದಿದ್ದೀಯ ರಂಗಣ್ಣ?"

"ಮನೆ ಎಣ್ಣೆ ಕಣ್ಲಾ. ಗಾಣದ್ದು."

"ತಲೆಗೂ ಅದೇ, ಒಗ್ಗರಣೆಗೂ ಅದೇ, ಲಾರಿಗೂ ಅದೇ. ಇನ್ನ ಡೀಸೆಲ್ ಟ್ಯಾಂಕ್ ಒಂದು ಬಾಕಿ ಐತೆ ನೋಡು."

ಬಾಗಿಲ ಕೀಲು, ಸೈಕಲ್ ಚೈನು, ಬಾವಿ ರಾಟೆ, ಏನೇ ಕಿರುಗುಟ್ಟಿದರೂ ನಮ್ಮಲ್ಲಿ ಕೊಬ್ಬರಿ ಎಣ್ಣೆಯೇ. ಈ ಚಳಿಗೆ ಅದು ತುಪ್ಪದಂತೆ ಹೆಪ್ಪುಗಟ್ಟಿ ಪೆಡಲ್ಲನ್ನು ಹಿಡಿದುಕೊಂಡಿದೆ ಎಂದ ಹಾಲಸ್ವಾಮಿ. ಸ್ಪ್ರಿಂಗೂ ಸೋತಿತ್ತು. ಇವರು ನನ್ನ ಕಡೆ ತಿರುಗಿ, ನಾನು ಹೇಳಲಿಲ್ಲವಾ ಎನ್ನುವಂತೆ ನೋಡಿದರು. ನನಗೂ ಉಸಿರು ಸಲೀಸಾಯಿತು. ಎಣ್ಣೆ ತಾನೇ, ಒರೆಸಿದರೆ ಹೋಯಿತು.

ಹಾಲಸ್ವಾಮಿ ಕೀಲನ್ನು ಡೀಸೆಲ್ಲಿನಲ್ಲಿ ತೊಳೆದು ಗ್ರೀಸು ಹಚ್ಚಿದ. ಇವರು ಡ್ರೈವರ್ ಸೀಟಿನಲ್ಲೇ ಕೂತಿದ್ದರು, ನಾನು ಎಡಗಡೆ. ಅವನು ಬಾಗಿಲಾಚೆ ನೆಲದ ಮೇಲೆ ನಿಂತು, ತಲೆಯನ್ನು ಸ್ಟೇರಿಂಗಿನ ಕೆಳಗೆ ತೂರಿಸಿ ಹೊಸ ಪೆಡಲ್ಲು ಕೂರಿಸಿದ. ಅದಕ್ಕೆ ದಪ್ಪ ಗೀರುಗಳ ಕರಿ ರಬ್ಬರಿತ್ತು. ಎತ್ತರ ಸರಿಯಾಯಿತೇ ನೋಡಲು ಇವರ ಬಲಗಾಲನ್ನು ಎತ್ತಿ ಅದರ ಮೇಲಿಟ್ಟ. ಇವರು ಆಗ ಗಾಜಿನಾಚೆ ನೋಡುತ್ತಾ, ಅಟ್ಟದಿಂದ ಕೊಬ್ಬರಿ ಇಳಿಸಲು ನಾಳೆ ಯಾರ್ಯಾರನ್ನು ಕರೆಯಬೇಕೆಂದು ನನಗೆ ಹೇಳುತ್ತಿದ್ದರು. ಹೇಳಿ ಮುಗಿಸಿ ಕೆಳಗೆ ಕೇಳಿದರು:

"ಆಯ್ತೇನ್ಲಾ? ಕಾಲಿಡ್ಲಾ?"

ಕಾಲು ಪೆಡಲ್ಲಿನ ಮೇಲೇ ಇತ್ತು.

ಎತ್ತಿದ್ದು ಅವರಿಗೆ ಗೊತ್ತಾಗಿರಬೇಕು. ಎಲ್ಲಿ ಇಟ್ಟನೆಂದು ಗೊತ್ತಾಗಿರಲಿಲ್ಲ. ಹಾಲಸ್ವಾಮಿ ತಲೆಯೆತ್ತಿ ನನ್ನ ಮುಖ ನೋಡಿದ. ಮತ್ತೆ ಬಗ್ಗಿ, ಕೈಯಲ್ಲಿದ್ದ ಸ್ಕ್ರೂಡ್ರೈವರಿನ ತುದಿಯನ್ನು ಅವರ ಹೆಬ್ಬೆರಳಿಗೆ ಒತ್ತಿದ. ಇವರು ಇನ್ನೂ ರಸ್ತೆ ನೋಡುತ್ತಿದ್ದರು. ಅವನು ಪಾದವನ್ನು ಸ್ವಲ್ಪ ಹೊರಳಿಸಿದ. ಅಂಗಾಲಿನಲ್ಲಿ ಹಳೆ ಪೆಡಲ್ಲಿನ ಪಟ್ಟಿಯಷ್ಟೇ ಅಗಲಕ್ಕೆ ಸುಟ್ಟ ಗುರುತಿತ್ತು. ಕೊಬ್ಬರಿಯ ಹೊರಸಿಪ್ಪೆಯಂತೆ ಕಂದಾಗಿ, ಸುಕ್ಕುಗಟ್ಟಿ, ಒಂದು ಅಂಚಿನಲ್ಲಿ ಬಿರಿದು ಹಸಿಯಾಗಿತ್ತು. ನಾನು ಅದನ್ನು ನೋಡಿದೆ. ಏನೂ ಅನ್ನಿಸಲಿಲ್ಲ. ಗ್ಯಾರೇಜಿನ ಮುಂದೆ ಯಾರೋ ಟೈರು ಉರುಳಿಸಿಕೊಂಡು ಹೋದರು, ಅದನ್ನೂ ನೋಡಿದೆ.

ಹಾಲಸ್ವಾಮಿ ಕೈ ಒರೆಸಿಕೊಂಡು, ಇನ್ನೂ ಒಂದಿಷ್ಟು ಕೆಲಸ ಇದೆ, ಲಾರಿ ಎರಡು ದಿನ ಇಲ್ಲೇ ಇರಲಿ ಎಂದ. ಇವರಿಗೆ ರೇಗಿತು. ನಾಳೆ ಬಾಡಿಗೆ ಇಟ್ಟುಕೊಂಡು ಇದೇನು ನಿನ್ನ ಆಟ, ಹಾಕಿದ ಪೆಡಲ್ಲಿಗೆ ಇನ್ನೇನು ಕೆಲಸ ಎಂದು ಕೂಗಾಡಿದರು. ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಜೋಡಿಸುತ್ತಾ ನಿಂತ. ಹೇಳುವ ಕೆಲಸ ನನ್ನದೆಂದು ತಿಳಿಯಿತು.

"ಲಾರಿ ಸರಿಯಾಗೈತೆ ಕಣ್ರೀ. ಕಾಲು ಸರಿಯಿಲ್ಲ," ಎಂದೆ.

"ಯಾವ ಕಾಲು?"

"ಬಲಗಾಲು. ಆಗ್ಲೇ ಪೆಡಲ್ ಮೇಲಿತ್ತು. ಕಾಲಿಡ್ಲಾ ಅಂತ ನೀವು ಕೇಳಿದ್ರಿ."

ಅವರು ನಕ್ಕರು. ಮಾತಿನ ಭರದಲ್ಲಿ ಗಮನಿಸಲಿಲ್ಲ ಎಂದರು. ಆಮೇಲೆ ನಗು ನಿಲ್ಲಿಸಿ ಹಾಲಸ್ವಾಮಿಯನ್ನು ಹತ್ತಿರ ಕರೆದರು. ನಾನು ಕಣ್ಣು ಮುಚ್ಚುತ್ತೇನೆ, ನೀನು ಕಾಲನ್ನು ಬ್ರೇಕಿನ ಮೇಲಾದರೂ ಇಡು, ಆಕ್ಸಿಲೇಟರ್ ಮೇಲಾದರೂ ಇಡು, ಯಾವುದೆಂದು ನಾನು ಹೇಳುತ್ತೇನೆ ಎಂದರು. ಇಷ್ಟು ವರ್ಷ ತುಳಿದದ್ದು ಗೊತ್ತಾಗುವುದಿಲ್ಲವೇ ಎಂದರು.

ಕಣ್ಣು ಮುಚ್ಚಿ ಎರಡು ಕೈಯನ್ನೂ ಸ್ಟೇರಿಂಗಿನ ಮೇಲಿಟ್ಟರು. ಹಾಲಸ್ವಾಮಿ ಅವರ ಮೊಣಕಾಲ ಕೆಳಗೆ ಕೈಕೊಟ್ಟು, ಕಾಲನ್ನು ಅತ್ತ ಇತ್ತ ಆಡಿಸಿ ಇಟ್ಟ.

ಅವರ ಹಣೆಯ ಮೇಲೆ ಬೆವರು ಒಡೆಯಿತು. ತಲೆಯನ್ನು ಒಂದು ಕಡೆಗೆ ವಾಲಿಸಿ, ದೂರದ ಸದ್ದು ಕೇಳುವವರ ಹಾಗೆ ಕೂತಿದ್ದರು.

"ಆಕ್ಸಿಲೇಟರ್," ಎಂದರು.

"ಸರಿಯಾಗ್ ಹೇಳ್ದೆ ಬುಡಣ್ಣ," ಎಂದ ಹಾಲಸ್ವಾಮಿ.

ಅವರು ಕಣ್ಣು ತೆರೆಯಲಿಲ್ಲ. ಹಾಗೇ ನನ್ನ ಕಡೆ ಮುಖ ತಿರುಗಿಸಿದರು.

"ನೀನ್ ಹೇಳೇ."

ಹಾಲಸ್ವಾಮಿ ನನಗೆ ಬೇಡವೆಂದು ತಲೆಯಾಡಿಸಿದ. ಒಳ್ಳೆಯವನು. ಆದರೆ ನಾಳೆ ರಸ್ತೆಯಲ್ಲಿ ಕುರಿ ಬರುತ್ತವೆ, ಸ್ಕೂಲಿಗೆ ಹೋಗುವ ಮಕ್ಕಳು ಬರುತ್ತಾರೆ. ಅಲ್ಲೆಲ್ಲ ಮೆದೆ ಇರುವುದಿಲ್ಲ.

"ಬ್ರೇಕು," ಎಂದೆ.

ಅವರು ಕಣ್ಣು ತೆರೆದು ಕೆಳಗೆ ನೋಡಿದರು. ಕಾಲು ತೆಗೆದರು. ಮತ್ತೆ ತಾವೇ ನೋಡುತ್ತಾ ಬ್ರೇಕಿನ ಮೇಲಿಟ್ಟರು, ಆಕ್ಸಿಲೇಟರ್ ಮೇಲಿಟ್ಟರು, ತೆಗೆದರು. ಇಳಿಯುವಾಗ ಬಾಗಿಲ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದು, ಮೆಟ್ಟಿಲು ಎಲ್ಲಿದೆಯೆಂದು ಬಗ್ಗಿ ನೋಡಿಕೊಂಡು ಇಳಿದರು. ಅವರು ಹೀಗೇ ಇಳಿಯುವುದನ್ನು ನಾನು ಎಷ್ಟೋ ದಿನದಿಂದ ನೋಡಿದ್ದೆ. ವಯಸ್ಸಾಯಿತು, ಅದಕ್ಕೇ ಎಂದುಕೊಂಡಿದ್ದೆ.

ನನ್ನ ತಂಗಿಯ ಮಗ ಬಾಲರಾಜು ಊರಿನಲ್ಲೇ ಗಾಡಿ ಓಡಿಸುತ್ತಾನೆ. ಅವನಿಗೆ ಫೋನು ಮಾಡಿ ಬಾ ಎಂದೆ. ಏಕೆಂದು ಹೇಳಲಿಲ್ಲ. ಅವನು ಬರುವವರೆಗೆ ಗ್ಯಾರೇಜಿನ ಬೆಂಚಿನ ಮೇಲೆ ಕೂತೆವು. ಹಾಲಸ್ವಾಮಿ ಟೀ ತರಿಸಿಕೊಟ್ಟು ಬೇರೆ ಗಾಡಿಯ ಕೆಳಗೆ ನುಸುಳಿದ. ಇವರು ಟೀ ಕುಡಿದು, ಬಲಗಾಲನ್ನು ಬೆಂಚಿನ ಮೇಲಕ್ಕೆ ಎತ್ತಿಟ್ಟುಕೊಂಡು ಪಂಚೆ ಸರಿಸಿದರು.

"ಎಲ್ಲೀಗಂಟ ಹೋಗೈತೆ ನೋಡು," ಎಂದರು.

ಮತ್ತೆ ಕಣ್ಣು ಮುಚ್ಚಿದರು. ನಾನು ಬೆರಳಿನ ತುದಿಯಿಂದ ಒತ್ತುತ್ತಾ ಬಂದೆ. ಹೆಬ್ಬೆರಳು, ಪಾದದ ಮೇಲ್ಭಾಗ, ಹರಡಿನ ಕೀಲು. ಒತ್ತಿದಲ್ಲೆಲ್ಲ ಚರ್ಮ ಗುಳಿಬಿದ್ದು ನಿಧಾನಕ್ಕೆ ಎದ್ದಿತು. ಹರಡು ದಾಟಿ ಮೇಲೆ ಬಂದೆ. ಇನ್ನೂ ಮೇಲೆ ಬಂದೆ. ಮೀನಖಂಡ ಶುರುವಾಗುವ ಕಡೆ ಅವರು "ಹ್ಞಾ, ಅಲ್ಲಿ," ಎಂದರು. ನಾನು ಬೆರಳು ತೆಗೆಯಲಿಲ್ಲ. ಅವರೂ ತೆಗೆ ಎನ್ನಲಿಲ್ಲ.

ಬಾಲರಾಜು ಬಂದು, ಲಾರಿಗೆ ಏನಾಯಿತು ದೊಡ್ಡಪ್ಪ ಎಂದು ಕೇಳಿದ.

"ಲಾರಿಗೇನೂ ಆಗಿಲ್ಲ ಕಣಪ್ಪ. ನನ್ ಕಾಲಿಗೇ ಏನೂ ತಿಳೀತಿಲ್ಲ. ಕೀ ಗಾಡೀಲೇ ಐತೆ," ಎಂದರು. "ಮಲ್ಲಿಕಾರ್ಜುನಯ್ಯನ ಮನೆತಾವ ಬೆಳಗಾಗೋ ಮುಂಚೆ ಇರ್ಬೇಕು. ಅವ್ರು ಯಾಕೆ ಅಂತ ಕೇಳ್ತಾರೆ. ಇದ್ದಿದ್ದು ಇದ್ದಂಗೇ ಹೇಳು."