ಅಟ್ಟಕ್ಕೆ ಎಸೆದ ಬೂಟು

"ಕುಂದ್ರು." ಈ ಒಂದು ಮಾತನ್ನು ನಾಲ್ಕು ತಿಂಗಳಿಂದ ದಿನಕ್ಕೆ ನೂರು ಸಲ ಹೇಳಿ ನನ್ನ ಬಾಯಿ ಒಣಗಿದೆ. ಮಗಳು ಸ್ಫೂರ್ತಿಗೆ ಈ ವರ್ಷ ಎಸ್ಸೆಸ್ಸೆಲ್ಸಿ. ದಿನಾ ಬೆಳಿಗ್ಗೆ ತುಂಗಭದ್ರಾ ಡ್ಯಾಂ ಕಾಲುವೆಯ ದಂಡೆ ಮೇಲೆ ಓಡುತ್ತಿದ್ದಳು. ದಸರಾ ಮುಗಿದ ಮಾರನೆಯ ದಿನವೇ ಅವಳ ಬೂಟನ್ನು ಅಟ್ಟಕ್ಕೆ ಎಸೆದೆ. ಆ ಒಂದು ಗಂಟೆ ಓದಿದರೆ ಹತ್ತು ಅಂಕ ಜಾಸ್ತಿ ಬರುವುದಿಲ್ಲವೇ? ಶಾಲೆಯವರೂ ಆಟದ ಪೀರಿಯಡ್ಡನ್ನು ಗಣಿತಕ್ಕೇ ಕೊಟ್ಟಿದ್ದರು.

ಬಂದದ್ದೇನು? ದಸರೆಗೆ ಮುಂಚೆ ಗಣಿತದಲ್ಲಿ ಎಂಬತ್ತಕ್ಕೆ ಐವತ್ತೆಂಟು ತಂದವಳು ಈಗ ಪ್ರಿಪರೇಟರಿಯಲ್ಲಿ ಇಪ್ಪತ್ತೊಂದು ತಂದು ಫೇಲಾದಳು. ದೊಡ್ಡ ಪರೀಕ್ಷೆಗೆ ಆರು ವಾರ ಉಳಿದಿದೆ. ನನಗೆ ಅನ್ನ ಇಳಿಯುತ್ತಿಲ್ಲ.

"ಓಡೋವಾಗ ಛಲೋ ಓದ್ತಿದ್ಲು, ಓಡಾಕ ಬಿಡು ಆಕಿನ್ನ," ಎಂದರು ಗಂಡ ಮುರುಗೇಶ್.

"ನೀವು ಸುಮ್ನಿರ್ರಿ!" ಎಂದೆ.

ಭಾನುವಾರ ಬೆಳಿಗ್ಗೆ ಮಗಳ ಎದುರಿಗೇ ಕಾವಲು ಕೂತೆ. ಅವಳ ಕಣ್ಣು ಪುಸ್ತಕದ ಒಂದೇ ಸಾಲಿನ ಮೇಲಿತ್ತು, ಮೊಣಕಾಲು ಮಾತ್ರ ಹೊಲಿಗೆ ಮಷೀನಿನಂತೆ ಕುಣಿಯುತ್ತಿತ್ತು.

"ಕಾಲು ಅಲ್ಲಾಡಿಸಬ್ಯಾಡ, ಮನಿಗೆ ಒಳ್ಳೇದಲ್ಲ!"

"ಅವ್ವ, ಓದಿದ್ದು ತಲಿಯಾಗ ನಿಂದ್ರವಲ್ದು. ನಾ ಏನ್ ಮಾಡ್ಲಿ?"

ಸಿಟ್ಟು ನೆತ್ತಿಗೇರಿತು. ಅವಳ ಕೈಯಿಂದ ಪುಸ್ತಕ ಕಿತ್ತುಕೊಂಡೆ. ಅವಳು ಎದ್ದವಳೇ ಬರಿಗಾಲಲ್ಲಿ ಕಾಲುವೆಯ ದಂಡೆಗೆ ಓಡಿದಳು.

ನಾನೂ ಸೀರೆ ಎತ್ತಿ ಕಟ್ಟಿ ಬೆನ್ನು ಹತ್ತಿದೆ. ಮೂರು ಕರೆಂಟ್ ಕಂಬ ದಾಟುವಷ್ಟರಲ್ಲಿ ನನ್ನ ಉಸಿರು ನಿಂತಂತಾಯಿತು. ಸಕ್ಕರೆ ಕಾಯಿಲೆಯಿದೆ, ದಿನಾ ನಡೆಯಿರಿ ಎಂದು ಡಾಕ್ಟರ್ ಹೇಳಿ ವರ್ಷವಾಗಿತ್ತು. ಅದಕ್ಕೆಂದು ತಂದ ಬೂಟು ಇನ್ನೂ ಡಬ್ಬಿಯಲ್ಲೇ ಇತ್ತು. ಅವಳು ಮಾತ್ರ ಕಾಲುವೆಯ ಸೇತುವೆ ಮುಟ್ಟಿ ತಿರುಗಿ ಬಂದಳು, ಮುಖವೆಲ್ಲ ಬೆವರು. ಬಾರಿಸೋಣವೆಂದರೆ ನನಗೆ ಕೈ ಎತ್ತಲು ಶಕ್ತಿಯಿರಲಿಲ್ಲ.

ಅವಳು ದಂಡೆಯ ಮೇಲೆ ಕೂತು, "ಪುಸ್ತಕ ತಾ ಇಲ್ಲಿ" ಎಂದಳು. ಸಿಟ್ಟಿನಲ್ಲಿ ಅದನ್ನು ಹಿಡಿದೇ ಓಡಿ ಬಂದಿದ್ದೆ. ಹತ್ತು ನಿಮಿಷ ಓದಿದಳು. ಕಾಲು ಅಲ್ಲಾಡಲಿಲ್ಲ. ಆಮೇಲೆ ಪುಸ್ತಕವನ್ನು ಪಕ್ಕದಲ್ಲಿ ಕೂತಿದ್ದ ನನ್ನ ತೊಡೆಯ ಮೇಲಿಟ್ಟು, ಮಣ್ಣಿನಲ್ಲಿ ತ್ರಿಕೋನ ಬರೆದು, ಒಂದೊಂದೇ ಸಾಲು ಬಾಯಿಬಿಟ್ಟು ಹೇಳುತ್ತ ಪ್ರಮೇಯ ಸಾಧಿಸತೊಡಗಿದಳು. ನನಗೆ ಗಣಿತ ಬರುವುದಿಲ್ಲ, ಅಕ್ಷರ ಬರುತ್ತದೆ. ಬೆರಳಿಟ್ಟು ಸಾಲು ಸಾಲು ತಾಳೆ ನೋಡಿದೆ. ಒಂದೂ ತಪ್ಪಿರಲಿಲ್ಲ.

ಮನೆಗೆ ಬಂದು ಸ್ಟೂಲ್ ಹತ್ತಿ ಬೂಟು ಇಳಿಸಿ, ಧೂಳು ಒರೆಸಿ ಕೊಟ್ಟೆ. ಅವಳು ಹಾಕಿಕೊಳ್ಳಲು ನೋಡಿದಳು, ಹಿಮ್ಮಡಿ ಒಳಗೆ ಹೋಗಲೇ ಇಲ್ಲ. ನಾನು ಕೂರಿಸಿಟ್ಟ ನಾಲ್ಕು ತಿಂಗಳಲ್ಲಿ ಮಗಳ ಪಾದ ಬೆಳೆದಿತ್ತು. ಅಯ್ಯೋ, ನನ್ನ ಕೈಯಾರೆ ಏನು ಮಾಡಿಬಿಟ್ಟೆ!

ಒಳಗಿನಿಂದ ನನ್ನ ಬೂಟಿನ ಡಬ್ಬಿ ತಂದು ಅವಳ ಮುಂದಿಟ್ಟೆ. ಬೂಟು ಅವಳ ಕಾಲಿಗೆ ಸರಿಯಾಗಿ ಕೂತಿತು.

"ಇದು ನಿನ್ನ ಸಕ್ಕರಿಗೆ ತಂದಿದ್ದಲ್ಲೇನವ್ವ?"

"ನಾಳೆ ಮುಂಜಾನಿ ನಾ ಚಪ್ಪಲ್ಯಾಗ ಬರ್ತೀನಿ," ಎಂದೆ. "ಐದೂವರಿಗೆ ಏಳು."