ಹಿಂದಕ್ಕೆ ಐದು ಗೇರು

ತಳೇಗಾಂವದಲ್ಲಿ ಹೋಟೆಲು ನಡೆಸುವ ವಾರಿಜಕ್ಕನ ಸೊಸೆ ಕುಸುಮಳಿಗೆ ಇಂಜಿನ್ನಿನ ಹುಚ್ಚು. ಮನೆಯ ಇಪ್ಪತ್ತು ವರ್ಷದ ಪುಟ್ಟ ಎಸ್‌ಯುವಿಗೆ ಗುಜರಿಯಿಂದ ತಂದ ಇಂಜಿನ್ನನ್ನೂ ಐದು ಗೇರಿನ ಗೇರ್‌ಬಾಕ್ಸನ್ನೂ ತಾನೇ ಕೂರಿಸುತ್ತೇನೆಂದು ಹಟ ಹಿಡಿದು, ಮೂರು ತಿಂಗಳು ಹಿತ್ತಲಲ್ಲಿ ಎಣ್ಣೆಯಲ್ಲೇ ಮಿಂದಿದ್ದಳು.

ಕಡೆಗೂ ಪೂಜೆಯ ದಿನ ಬಂತು. ಅತ್ತೆ ಮುಂದಿನ ಎರಡು ಚಕ್ರಗಳ ಎದುರು ನಿಂಬೆಹಣ್ಣಿಟ್ಟು, ಕಾಯಿ ಒಡೆದು ಪಕ್ಕಕ್ಕೆ ಸರಿದರು. ಕುಸುಮ ಮೊದಲನೇ ಗೇರು ಹಾಕಿ ಕ್ಲಚ್ಚು ಬಿಟ್ಟಳು. ಗಾಡಿ ಜುಮ್ಮೆಂದು ಹಿಂದಕ್ಕೆ ಹೋಯಿತು. ಎರಡನೆಯದು ಹಾಕಿದರೆ ಇನ್ನೂ ಜೋರಾಗಿ ಹಿಂದಕ್ಕೆ. ನಿಂಬೆಹಣ್ಣುಗಳು ಇಟ್ಟಲ್ಲೇ ನಗುತ್ತಿದ್ದವು.

ಹಿಂದಿನ ಆಕ್ಸಲಿನ ದೊಡ್ಡ ಹಲ್ಲುಚಕ್ರವನ್ನು ಎಡಬಲ ಅದಲುಬದಲು ಮಾಡಿ ಕೂರಿಸಿದ್ದಕ್ಕೇ ಚಕ್ರಗಳು ಉಲ್ಟಾ ತಿರುಗುತ್ತಿವೆ ಎಂದು ಅವಳಿಗೆ ಆಗ ಹೊಳೆಯಿತು. ಅಳು ಬರಬೇಕಿತ್ತು. ಆದರೆ ಸ್ಟಿಯರಿಂಗಿನ ಮೇಲೆ ಬಿದ್ದು ಬಿದ್ದು ನಕ್ಕಳು.

“ಎಂತ ಆಯ್ತು ಮಾರಾಯ್ತಿ?”

“ಹಿಂದಕ್ಕೆ ಐದು ಗೇರು ಅತ್ತೆ, ಮುಂದಕ್ಕೆ ರಿವರ್ಸ್ ಒಂದೇ.”

ವಾರಿಜಕ್ಕ ಗಾಡಿಯ ಹಿಂಬದಿಗೆ ಒಮ್ಮೆ ಕಣ್ಣು ಹಾಯಿಸಿದರು. ನಿಂಬೆಹಣ್ಣುಗಳನ್ನು ಹೆಕ್ಕಿಕೊಂಡು ಹೋಗಿ ಹಿಂದಿನ ಚಕ್ರಗಳ ಹಿಂದಿಟ್ಟರು. ಡಿಕ್ಕಿಯ ಬಾಗಿಲು ತೆರೆದು, ಸೆರಗು ಸಿಕ್ಕಿಸಿ, ಹೊರಗೆ ಮುಖ ಮಾಡಿ ಕೂತರು.

“ಹೊರಡು. ಇನ್ನು ಇದೇ ಮುಂದಿನ ಸೀಟು.”