ಮಂಗಳವಾರದವರು

“ಕಾಲಿನ ಕಡೆಯವರು ಭುಜಕ್ಕೇರಿಸಿ. ತಲೆ ಕಡೆಯವರು ಸೊಂಟದ ಮಟ್ಟದಲ್ಲೇ ಹಿಡೀರಿ. ಈಗ ನಿಧಾನಕ್ಕೆ ತಿರುಗಿ!”

ನರ್ಸು ಕೆಳಗಿನ ಮೆಟ್ಟಿಲಲ್ಲಿ ನಿಂತು ಹೇಳುತ್ತಿದ್ದಳು. ಮೂರನೇ ಮಹಡಿಯಿಂದ ಅಕ್ಕನ ದೇಹವನ್ನು ಇಳಿಸುತ್ತಿದ್ದ ನಾಲ್ವರೂ ಹೇಳಿದಂತೆ ಮಾಡಿದರು. ಒಬ್ಬರು ಇಳಿದರೆ ಇನ್ನೊಬ್ಬರು ಗೋಡೆಗೆ ಒರಗಿ ದಾರಿ ಬಿಡಬೇಕಾದಂಥ ಮೆಟ್ಟಿಲು. ಆದರೂ ಚಟ್ಟ ಎಲ್ಲೂ ತಾಗದೆ ತಿರುವು ದಾಟಿತು.

“ಇದನ್ನೆಲ್ಲ ಆಸ್ಪತ್ರೇಲಿ ಕಲಿಸ್ತಾರಾ ಸಿಸ್ಟರ್?” ತಲೆಯ ಕಡೆ ಹಿಡಿದಿದ್ದ ತಮ್ಮ ಏದುಸಿರು ಬಿಡುತ್ತ ಕೇಳಿದ. ಬಟ್ಟೆ ಹೊಲಿಯುವವನಿಗೆ ಭಾರ ಹೊತ್ತು ಅಭ್ಯಾಸವಿರಲಿಲ್ಲ.

“ಕಲಿಸಿದ್ದು ನಿಮ್ಮಕ್ಕ. ಇಂಥ ಮೆಟ್ಟಿಲಲ್ಲಿ ಗರ್ಭಿಣೀನ ಹೇಗೆ ಇಳಿಸೋದು ಅಂತ ಆಂಬುಲೆನ್ಸ್ ಡ್ರೈವರ್ ಹತ್ರ ಕೇಳ್ಕೊಂಡು ಬಂದು, ಒಂದು ಮಂಗಳವಾರ ನಮಗೆಲ್ಲ ಮಾಡಿ ತೋರಿಸಿದ್ರು.”

“ಗರ್ಭಿಣಿ ಎಲ್ಲಿ ಸಿಕ್ಕಿದ್ಲು?”

“ಲಾಯರನ್ನೇ ಮಲಗಿಸಿದ್ರು.”

ಕಾಲಿನ ಕಡೆ ಹಿಡಿದಿದ್ದ ದಪ್ಪ ಹೊಟ್ಟೆಯ ವಕೀಲ ಕೆಮ್ಮಿದ. ಅಳುತ್ತಿದ್ದವರೂ ಒಂದು ಗಳಿಗೆ ನಕ್ಕರು.

ತಮ್ಮ ಇಪ್ಪತ್ತು ಕುರ್ಚಿ ಹಾಕಿಸಿದ್ದ. ಕೆಳಗೆ ಬಂದು ನೋಡಿದರೆ ಬೀದಿಯ ಆ ತುದಿಯವರೆಗೆ ಜನ. ಅವನಿಗೆ ಗೊತ್ತಿದ್ದ ಅಕ್ಕ ವಸತಿ ಕಚೇರಿಯ ನಾಲ್ಕನೇ ಕಿಟಕಿಯಲ್ಲಿ ಕೂತು ನಿವೃತ್ತಳಾದ ಗುಮಾಸ್ತೆ. ಮದುವೆಯಾಗಲಿಲ್ಲ, ಮಂಗಳವಾರ ಮನೆಗೆ ತಡವಾಗಿ ಬರುತ್ತಿದ್ದಳು, ಅಷ್ಟೇ.

“ನಿಮ್ಮಕ್ಕ ಎಲೆಕ್ಷನ್‌ಗೆ ನಿಂತಿದ್ರೇನೋ?” ಎಂದು ಸೋದರಮಾವ ಕಿವಿಯಲ್ಲಿ ಕೇಳಿದರು.

ಅಷ್ಟರಲ್ಲಿ ಗುಂಪನ್ನು ಸೀಳಿಕೊಂಡು ಗಂಟುಮೂಟೆ ಹೊತ್ತ ಒಂದಷ್ಟು ಜನ ಬಂದರು. ಮುಂದಿದ್ದ ಗಾರೆ ಕೆಲಸದ ಹೆಂಗಸು, “ಅಕ್ಕ ಎಲ್ಲಿ? ಅಕ್ಕನ್ನ ನೋಡ್ಬೇಕು,” ಎಂದಳು. ಅವಳ ಕಣ್ಣು ಚಟ್ಟದ ಮೇಲೆ ಬಿತ್ತು. ಹೊತ್ತಿದ್ದ ಗಂಟು ಕೆಳಗಿಟ್ಟು ಅದರ ಮೇಲೇ ಕುಸಿದಳು.

ನರ್ಸು ಪಕ್ಕದಲ್ಲಿ ಕೂತು ಕೇಳಿ ತಿಳಿದುಕೊಂಡಳು. ಬೇರೆ ಸೀಮೆಯಿಂದ ದುಡಿಯಲು ಬಂದ ಒಂಬತ್ತು ಸಂಸಾರಗಳು ಹಳೇ ಗೋದಾಮಿನ ಕಟ್ಟಡದಲ್ಲಿದ್ದವು. ಬೆಳಿಗ್ಗೆ ಮಾಲೀಕ ಎಲ್ಲರನ್ನೂ ಹೊರಗೆ ಹಾಕಿ ಬೀಗ ಜಡಿದಿದ್ದ. ಅದು ಖಾಲಿ ಗೋದಾಮು, ಅಲ್ಲಿ ಯಾರೂ ವಾಸವಿಲ್ಲ ಎಂದು ವಸತಿ ಕಚೇರಿಗೆ ಬರೆದುಕೊಟ್ಟಿದ್ದ. ಎರಡು ಗಂಟೆಗೆ ಕಚೇರಿಯ ಅಧಿಕಾರಿ ಬಂದು ಸೀಲು ಹಾಕುವವರಿದ್ದರು. ಒಮ್ಮೆ ಸೀಲು ಬಿದ್ದರೆ ಅದನ್ನು ತೆಗೆಸಲು ವರ್ಷಗಟ್ಟಲೆ ಕೋರ್ಟು ಅಲೆಯಬೇಕು.

ಆಗ ಹನ್ನೊಂದೂವರೆ.

*

ಇಪ್ಪತ್ತಾರು ವರ್ಷಗಳ ಹಿಂದೆ ನಾಲ್ಕನೇ ಕಿಟಕಿಯ ಮುಂದೆ ಟೈಲ್ಸ್ ಹಾಕುವವನೊಬ್ಬ ಹೀಗೇ ಬಂದು ನಿಂತಿದ್ದ. ಪಕ್ಕದಲ್ಲಿ ಹೆಂಡತಿ, ಅವಳ ತೋಳಲ್ಲಿ ಕೂಸು. ಅಕ್ಕ ವಾಸದ ಪುರಾವೆ ಕೇಳಿದಳು. ಇರಲಿಲ್ಲ. ಸೀಲು ಬಿತ್ತು. ಬಸ್ ನಿಲ್ದಾಣದ ಸೂರಿನಡಿ ಒಂಬತ್ತು ದಿನ ಮಲಗಿದ ಮೇಲೆ ಕೂಸಿಗೆ ನ್ಯುಮೋನಿಯಾ ಆಯಿತು.

ಅಕ್ಕ ಆಸ್ಪತ್ರೆಗೆ ನೋಡಲು ಹೋದಾಗ, ಆಗಷ್ಟೇ ಕೆಲಸಕ್ಕೆ ಸೇರಿದ್ದ ನರ್ಸು, “ಮನೆಮನೆಗೆ ಹೋದಾಗ ಈ ಮಗೂನ ನಾನು ಅವರ ಕೋಣೇಲೇ ನೋಡಿದ್ದೆ. ತಾರೀಖಿನ ಸಮೇತ ನನ್ನ ಪುಸ್ತಕದಲ್ಲಿದೆ,” ಎಂದಳು. ಅವರ ದೊಡ್ಡ ಮಗಳ ಶಾಲೆಯ ದಾಖಲೆಯಲ್ಲೂ ಅದೇ ವಿಳಾಸವಿತ್ತು.

“ಅಂದ್ರೆ ಪುರಾವೆ ಇತ್ತು,” ಎಂದಳು ಅಕ್ಕ. “ಒಬ್ಬೊಬ್ಬರ ಡ್ರಾಯರಲ್ಲಿ ಒಂದೊಂದು ಚೂರು. ನಾವು ಒಬ್ಬರನ್ನೊಬ್ಬರು ಕೇಳಲೇ ಇಲ್ವಲ್ಲ.”

ಕೂಸು ಬದುಕಿತು, ಸಂಸಾರ ಊರು ಬಿಟ್ಟು ಹೋಯಿತು. ಮುಂದಿನ ಮಂಗಳವಾರ ಕಚೇರಿ ಮುಗಿಸಿ ಅಕ್ಕ ಫ್ಲಾಸ್ಕಿನಲ್ಲಿ ಟೀ ತುಂಬಿಕೊಂಡು ಆಸ್ಪತ್ರೆಯ ಹಿಂದಿನ ಬೆಂಚಿನ ಮೇಲೆ ಕೂತಳು. ನರ್ಸು ಬಂದಳು, ಶಾಲೆಯ ಟೀಚರ್ ಬಂದಳು. ವಕೀಲ ಟೀ ಚೆನ್ನಾಗಿದೆ ಅಂತ ಕೇಳಿ ಬಂದ. ಅಕ್ಕ ಮಾಡಿದ ಕಟ್ಟಳೆ ಒಂದೇ: ಆ ವಾರ ಕೈಗೂಡಿದ ಒಂದು ಕೆಲಸ ಹೇಳಬೇಕು, ಕೆಟ್ಟುಹೋದ ಒಂದು ಕೆಲಸವನ್ನೂ ಹೇಳಬೇಕು, ಕೆಟ್ಟದ್ದಕ್ಕೆ ಯಾರೂ ಬೈಯಬಾರದು. ಮೊದಲ ವಾರ ಅವಳು ತನ್ನ ಸೀಲಿನ ಕತೆಯನ್ನೇ ಹೇಳಿದಳು.

ಮೇಲಧಿಕಾರಿಗೆ ಸುದ್ದಿ ಮುಟ್ಟಿತು. “ಇದು ನಿಮ್ಮ ಕೆಲಸ ಅಲ್ಲ.”

“ಹೌದು ಸರ್, ಕೆಲಸ ಅಲ್ಲ. ಟೀ ಕುಡೀತೀವಿ.”

ಆಮೇಲೆ ಆ ಬೆಂಚು ಸಾಲಲಿಲ್ಲ.

*

“ದೇಹನ ಹನ್ನೆರಡಕ್ಕೆ ಸ್ಮಶಾನಕ್ಕೆ ಮುಟ್ಟಿಸ್ಬೇಕು ಅಂತ ಹೇಳಿದ್ದಾರೆ,” ಎಂದರು ಸೋದರಮಾವ. ಎಲ್ಲರೂ ತಮ್ಮನ ಕಡೆ ನೋಡಿದರು. ಅವನು ಅಕ್ಕನ ಮುಖ ನೋಡಿದ, ಗಂಟಿನ ಮೇಲೆ ಕೂತ ಹೆಂಗಸನ್ನು ನೋಡಿದ.

“ನನ್ನ ಮದುವೆಗೇ ಅಕ್ಕ ಎರಡು ಗಂಟೆ ತಡವಾಗಿ ಬಂದ್ಲು ಮಾವ. ಅವತ್ತೂ ಯಾರದ್ದೋ ಮನೆ ಹೋಗ್ತಿತ್ತಂತೆ. ಇವತ್ತೊಂದಿನ ಹೊತ್ತಿಗೆ ಸರಿಯಾಗಿ ಹೋದ್ರೆ ಅವಳು ನನ್ನ ಸುಮ್ನೆ ಬಿಡ್ತಾಳಾ?”

ನರ್ಸು ಆಗಲೇ ತನ್ನ ಪುಸ್ತಕ ತರಲು ಯಾರದ್ದೋ ಸ್ಕೂಟರಿನ ಹಿಂದೆ ಕೂತಾಗಿತ್ತು. ಅಂದಿನ ಟೀಚರ್ ಈಗ ಹೆಡ್‌ಮೇಡಂ. ಶಾಲೆಗೆ ಫೋನು ಮಾಡಿ ದಾಖಲೆ ಪುಸ್ತಕ ತರಿಸಿದಳು. ವಕೀಲ ಪಕ್ಕದಲ್ಲೇ ಇದ್ದ ತಮ್ಮನ ಹೊಲಿಗೆ ಅಂಗಡಿಗೆ ಹೋಗಿ ಇಸ್ತ್ರಿ ಮೇಜಿನ ಮೇಲೆ ಅರ್ಜಿ ಬರೆಯತೊಡಗಿದ. ನೆರೆದವರಲ್ಲಿ ಕೆಲವರು ಒಂಬತ್ತು ಸಂಸಾರಗಳ ಹೆಸರು ಕೇಳಿ ಬರೆದುಕೊಂಡರೆ, ಇನ್ನು ಕೆಲವರು ಮಕ್ಕಳನ್ನು ನೆರಳಿಗೆ ಕರೆದುಕೊಂಡು ಹೋದರು. ಏನು ಮಾಡಬೇಕೆಂದು ಯಾರೂ ಯಾರನ್ನೂ ಕೇಳಲಿಲ್ಲ. ತಮ್ಮ ಬಾಗಿಲಲ್ಲಿ ನಿಂತು ನೋಡಿದ. ಅಕ್ಕನ ಮಂಗಳವಾರಗಳು ಹೇಗಿದ್ದವೆಂದು ಅವನಿಗೆ ತಿಳಿದದ್ದು ಅವತ್ತೇ.

ಎರಡಕ್ಕೆ ಐದು ನಿಮಿಷವಿರುವಾಗ ಶವದ ವಾಹನ ಗೋದಾಮಿನ ಮುಂದೆ ನಿಂತಿತು. ಹಿಂದೆ ಬೀದಿ ತುಂಬ ಜನ. ಅಧಿಕಾರಿ ಚಿಕ್ಕ ಪ್ರಾಯದವಳು. ಸೀಲು ಹಾಕುವ ಪೆಟ್ಟಿಗೆ ಬಿಚ್ಚುತ್ತಿದ್ದಳು.

“ಇಲ್ಲಿ ಯಾರೂ ವಾಸ ಇಲ್ಲ ಅಂತ ಬರೆದಿದೆಯಲ್ಲ?”

ವಕೀಲ ಅರ್ಜಿ ಕೊಟ್ಟ. ನರ್ಸು ಪುಸ್ತಕ ಬಿಚ್ಚಿ ಓದಿದಳು: “ಎರಡನೇ ಮಹಡಿ, ಎಡಗಡೆ ಕೋಣೆ. ಎಂಟು ತಿಂಗಳ ಗರ್ಭಿಣಿ. ಐದು ಸಲ ನೋಡಿದ್ದೀನಿ, ತಾರೀಖು ಇಲ್ಲಿದೆ.”

“ಅವಳ ದೊಡ್ಡ ಮಗಳು ನಮ್ಮಲ್ಲಿ ಮೂರನೇ ಕ್ಲಾಸು,” ಎಂದಳು ಹೆಡ್‌ಮೇಡಂ. “ಅದೇ ಕೋಣೆ, ಅದೇ ವಿಳಾಸ. ಈ ಕಟ್ಟಡದ ಮಕ್ಕಳು ಒಟ್ಟು ಹನ್ನೊಂದು.”

ಅಧಿಕಾರಿ ಎರಡೂ ಪುಸ್ತಕ ಪಕ್ಕಪಕ್ಕ ಇಟ್ಟು ಬೆರಳು ಓಡಿಸಿದಳು. ಒಂದೊಂದು ಹೆಸರೂ ಹೊಂದುತ್ತ ಬಂತು.

ಮಾಲೀಕ ಮುಂದೆ ನುಗ್ಗಿದ. “ಇವರೆಲ್ಲ ಒಂದೇ ಗುಂಪು ಮೇಡಂ! ಮಾತಾಡ್ಕೊಂಡು ಬಂದಿದ್ದಾರೆ!”

“ಹೌದು,” ಎಂದಳು ನರ್ಸು. “ಇಪ್ಪತ್ತಾರು ವರ್ಷದಿಂದ ಮಾತಾಡ್ಕೊಳ್ತಾನೇ ಇದ್ದೀವಿ.”

ಅಧಿಕಾರಿ ಪೆಟ್ಟಿಗೆ ಮುಚ್ಚಿದಳು. “ಬೀಗ ತೆಗೀರಿ. ವಿಚಾರಣೆ ಮುಗಿಯೋವರೆಗೆ ಯಾರನ್ನೂ ಎಬ್ಬಿಸೋ ಹಾಗಿಲ್ಲ.” ಆಮೇಲೆ ವಾಹನದ ಕಡೆ ನೋಡಿ ದನಿ ತಗ್ಗಿಸಿದಳು. “ತೀರಿಕೊಂಡವರು ಯಾರು?”

“ನಮ್ಮಕ್ಕ,” ಎಂದ ತಮ್ಮ. ಗಾರೆ ಕೆಲಸದ ಹೆಂಗಸೂ ಅವನ ಜೊತೆಗೇ ಅದನ್ನೇ ಹೇಳಿದಳು.

ಬೀಗ ಬಿಚ್ಚಿದ್ದೇ ತಡ, ಗಂಟುಮೂಟೆಗಳು ಮೆಟ್ಟಿಲೇರಿದವು. ಕಟ್ಟಡಕ್ಕೆ ಅಂಟಿಕೊಂಡಿದ್ದ ಇಕ್ಕಟ್ಟು ಓಣಿಯಲ್ಲಿ ವಾಹನ ನಿಧಾನವಾಗಿ ಹೊರಟಿತು. ಅಷ್ಟರಲ್ಲಿ ಮೇಲೆ ಒಂದೊಂದೇ ಕಿಟಕಿ ತೆರೆಯಿತು. ಬೆಳಿಗ್ಗೆ ಬಕೆಟ್ಟಿನಲ್ಲೇ ಉಳಿದುಹೋಗಿದ್ದ ಒದ್ದೆ ಬಟ್ಟೆಗಳನ್ನು ಹೆಂಗಸರು ಹಿಂಡಿ, ಕೊಡವಿ ಹಗ್ಗಕ್ಕೆ ಹಾಕತೊಡಗಿದರು. ಅಂಗಿ, ಲಂಗ, ಕೂಸಿನ ಬಟ್ಟೆ. ನೀರು ತಪತಪನೆ ವಾಹನದ ಮೇಲೆ, ಹಿಂದೆ ನಡೆಯುತ್ತಿದ್ದವರ ತಲೆಯ ಮೇಲೆ ಬಿತ್ತು. ಯಾರೂ ಪಕ್ಕಕ್ಕೆ ಸರಿಯಲಿಲ್ಲ. ಸುಡುಬಿಸಿಲಲ್ಲಿ ಡ್ರೈವರ್ ವೈಪರ್ ಹಾಕಿದ.